ಮಲ್ಲಾಜಮ್ಮನ ಸಿಂಗಾಪುರದ ಕರೆಂಟು

ಊಟಿ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ಮಂಡಿ ಇಟ್ಟಿದ್ದ ಮನೆಯ ಹಿರಿಸೊಸೆ ಮಲ್ಲಾಜಮ್ಮನ ಕೈಗುಣ ಅಂಥಿಂಥದ್ದಲ್ಲ. ಬೆಳಗಿನ ಮೊದಲ ವ್ಯಾಪಾರವನ್ನು ಅವಳು ಮುಟ್ಟಿ ಕೊಟ್ಟರೆ ಸಂಜೆಯೊಳಗೆ ಮೂಟೆಗಳೆಲ್ಲ ಖಾಲಿ ಎಂದು ಇಡೀ ಮಾರ್ಕೆಟ್ಟು ನಂಬಿತ್ತು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ, ಯಾರೂ ಕೊಳ್ಳದೆ ಮೊಳಕೆ ಒಡೆಯುತ್ತಿದ್ದ ಒಂದು ಲೋಡು ಆಲೂಗಡ್ಡೆಯ ಮೇಲೆ ಅವಳು ಸುಸ್ತಾಗಿ ಕೈಯೂರಿ ಕೂತಿದ್ದಳು. ಅದೇ ಹೊತ್ತಿಗೆ ಕೊಯಮತ್ತೂರಿನ ವ್ಯಾಪಾರಿಯೊಬ್ಬ ಬಂದು ಅಷ್ಟನ್ನೂ ಎತ್ತಿಕೊಂಡು ಹೋದ. ಆದದ್ದು ಇಷ್ಟೇ. ಆದರೆ ಅವತ್ತಿನಿಂದ ಆ ಕೈ ಅವಳದಾಗಿ ಉಳಿಯಲಿಲ್ಲ.

ಬೆಳಕು ಹರಿಯುವ ಮೊದಲೇ ಮೈದುನ ಮಹದೇವಸ್ವಾಮಿ, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಬಂದು ಬಾಗಿಲು ಬಡಿಯುತ್ತಿದ್ದ. "ಅತ್ತಿಗಮ್ಮ, ಬೋಣಿ!" ಅವನ ಮಂಡಿಯ ಬೋಣಿ ಮುಗಿಯುವಷ್ಟರಲ್ಲಿ ಪಕ್ಕದ ಕ್ಯಾರೆಟ್ ಅಂಗಡಿ, ಅದರಾಚೆಯ ಹೂವಿನಂಗಡಿ. ಲವ್‌ಡೇಲ್‌ನಲ್ಲಿ ಬೇಕರಿ ತೆರೆದವನಿಗೆ ಮೊದಲ ಬನ್ನನ್ನು ಅವಳೇ ಮುಟ್ಟಬೇಕು. ಸೋಲೂರಿನವರು ಬಿತ್ತನೆ ಗಡ್ಡೆಯನ್ನು ಚೀಲದಲ್ಲಿ ಹೊತ್ತು ತಂದು ಅವಳ ಮುಂದೆ ಸುರಿಯುತ್ತಿದ್ದರು. ಗಂಡ ಚೆನ್ನಯ್ಯ ತೀರಿಕೊಂಡಾಗ, ಇನ್ನಾದರೂ ಬಿಡುತ್ತಾರೆ ಎಂದುಕೊಂಡಳು. ವಿಧವೆ ಎದುರು ಬಂದರೆ ಎರಡು ನಿಮಿಷ ಕೂತು ಹೊರಡುವ ಜನ, ಇವಳ ವಿಷಯದಲ್ಲಿ ಮಾತ್ರ ತಮ್ಮ ಶಾಸ್ತ್ರವನ್ನೇ ಸಲೀಸಾಗಿ ತಿದ್ದಿಕೊಂಡರು. ಜನರಿಗೆ ಬೇಕಾದಾಗ ಶಾಸ್ತ್ರಕ್ಕೆ ಎಲುಬೇ ಇರುವುದಿಲ್ಲ.

ಇಷ್ಟೆಲ್ಲ ಹಂಚಿದವಳಿಗೆ ಒಂದೇ ಒಂದು ಕೊರಗಿತ್ತು. ಮಗ ನಂಜುಂಡೇಶನಿಗೆ ಮದುವೆಯಾಗಿ ಎಂಟು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಸೊಸೆ ರೂಪಶ್ರೀಯ ತಲೆ ಮುಟ್ಟಿ ಎಷ್ಟು ಸಲ ಹರಸಿದ್ದಳೋ, ಕೈಗುಣ ಮನೆಯೊಳಗೆ ಮಾತ್ರ ಕೆಲಸ ಮಾಡಲಿಲ್ಲ. ಕೊನೆಗೆ ಒಂಬತ್ತನೆಯ ವರ್ಷದಲ್ಲಿ ರೂಪಶ್ರೀ ಬಸುರಾದಳು. ಅವಳಿಗೆ ತಾಯಿ ಇರಲಿಲ್ಲ. "ನಿನ್ ಬಾಣಂತನ ನಾನೇ ಮಾಡ್ತೀನಿ ಕಣವ್ವ. ಮಗೀನ ನೀರಾಕೋದು ನಂದೇ ಕೆಲ್ಸ, ಬ್ಯಾರೆ ಯಾರ್ನೂ ಮುಟ್ಟಕ್ ಬುಡಕಿಲ್ಲ" ಎಂದು ಮಲ್ಲಾಜಮ್ಮ ಮಾತು ಕೊಟ್ಟಳು. ಊರಿನವರಿಗಾಗಿ ಸವೆದ ಕೈ ಒಮ್ಮೆಯಾದರೂ ತನ್ನ ಸ್ವಂತ ಖುಷಿಗೆ ಒದಗಲಿ ಎಂಬುದು ಅವಳ ಆಸೆ.

ಅಷ್ಟರಲ್ಲಿ ಅವಳ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಕೊಯಮತ್ತೂರಿನ ಡಾಕ್ಟರು ಕ್ಯಾನ್ಸರ್ ಎಂಬ ಮಾತನ್ನು ಮೆಲ್ಲಗೆ ಹೇಳಿ, ಗಂಟನ್ನು ಕೊಯ್ದು ತೆಗೆದರು. ಒಳಗೆ ಉಳಿದ ಬೇರನ್ನು ಸುಡಲು ಅಣುವಿನ ಔಷಧ ಬೇಕು, ಅದಕ್ಕೆ ಪಾಳಿ ಕಾಯಬೇಕು ಎಂದರು. ಸುದ್ದಿ ಕೇಳಿ ಮಾರ್ಕೆಟ್ಟಿನವರು ಸಾಲುಗಟ್ಟಿ ನೋಡಲು ಬಂದರು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. "ಕೈಗೇನೂ ಆಗಿಲ್ಲ ತಾನೆ?"

ಮಗಳು ಪ್ರೇಮಲತಾ ಸಿಂಗಾಪುರದ ಆಸ್ಪತ್ರೆಯಲ್ಲಿ ನರ್ಸು. ಪಾಳಿ ಗೀಳಿ ಬೇಡ, ಇಲ್ಲಿಗೇ ಬಾ ಎಂದು ಅವಳು ಟಿಕೆಟ್ಟು ಕಳಿಸಿದಳು. ಹೀಗೆ ಕೊಯಮತ್ತೂರಿನ ಆಸ್ಪತ್ರೆ ಬಿಟ್ಟರೆ ಕೂನೂರಿನಾಚೆಗೆ ಏನನ್ನೂ ಕಾಣದಿದ್ದ ಮಲ್ಲಾಜಮ್ಮ ಒಂದು ಸ್ವೆಟರು, ಎರಡು ಡಬ್ಬ ಚಟ್ನಿಪುಡಿ ಹಿಡಿದುಕೊಂಡು ವಿಮಾನ ಹತ್ತಿದಳು.

ಅಲ್ಲಿ ಸೀಸದ ಡಬ್ಬಿಯೊಳಗಿಂದ ಒಂದು ಗುಳಿಗೆಯನ್ನು ಚಿಮಟದಲ್ಲಿ ಎತ್ತಿ ಕೊಟ್ಟರು. ಕೊಟ್ಟವನು ಥಟ್ಟನೆ ಹಿಂದೆ ಸರಿದ. ನುಂಗಿದ್ದೂ ಆಯಿತು, ಕೋಣೆಯ ಬಾಗಿಲು ಮುಚ್ಚಿದ್ದೂ ಆಯಿತು. ಕೆಲವು ದಿನ ಅವಳ ಮೈಯಿಂದ ಕಿರಣಗಳು ಹೊಮ್ಮುತ್ತವೆ, ಆದ್ದರಿಂದ ಯಾರೂ ಹತ್ತಿರ ಬರುವಂತಿಲ್ಲ ಎಂದು ಪ್ರೇಮ ಬಾಗಿಲಾಚೆಯಿಂದಲೇ ವಿವರಿಸಿ, "ಒಬ್ಳೇ ಇರಕ್ಕೆ ಬೇಜಾರಾಯ್ತದಾ ಅವ್ವ?" ಎಂದು ಕಣ್ಣು ಒರೆಸಿಕೊಂಡಳು.

ಬೇಜಾರೇ! ಮಾರನೆಯ ದಿನ ಮಲ್ಲಾಜಮ್ಮನಿಗೆ ಅಭ್ಯಾಸಬಲದಿಂದ ನಸುಕಿನಲ್ಲೇ ಎಚ್ಚರವಾಯಿತು. ಕಿವಿ ತಾನೇ ತಾನಾಗಿ "ಬೋಣಿ" ಎಂಬ ಕೂಗಿಗೆ ಕಾಯಿತು. ಕೂಗು ಬರಲಿಲ್ಲ. ಊಟವನ್ನು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ತಟ್ಟೆ ತೊಳೆ ಎನ್ನುವವರಿಲ್ಲ, ಮುಟ್ಟಿಕೊಡು ಎನ್ನುವವರಿಲ್ಲ. ಮತ್ತೆ ಹೊದ್ದು ಮಲಗಿದಳು. ಬಿಸಿಲು ಮುಖದ ಮೇಲೆ ಬಿದ್ದಾಗ ಎದ್ದು, ಹಾಸಿಗೆಯ ಅಂಚಿನಲ್ಲಿ ಕೂತು ಅತ್ತಳು. ಖುಷಿಗೆ ಬಂದ ಅಳು ಅದು.

ಮೈಯ ಕಿರಣ ಎಷ್ಟು ಇಳಿದಿದೆ ಎಂದು ನೋಡಲು ದಿನಾ ರಾಜೇಂದ್ರನ್ ಎಂಬ ನಾಗರಕೋಯಿಲ್ ಕಡೆಯ ಹುಡುಗ ಬರುತ್ತಿದ್ದ. ಕೈಯಲ್ಲಿ ಟ್ರಾನ್ಸಿಸ್ಟರಿನಷ್ಟು ದೊಡ್ಡ ಮೀಟರು. ಅದನ್ನು ಇವಳ ಕಡೆ ತಿರುಗಿಸಿದರೆ ಕಿರ್ರೆಂದು ಕೂಗುತ್ತಿತ್ತು. ಮಲ್ಲಾಜಮ್ಮನಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಈ ಯಂತ್ರ ನನ್ನನ್ನು ಕಂಡರೆ ಮಾತ್ರ ಹೀಗೆ ಕಿರುಚುತ್ತದೆಯೇನಪ್ಪಾ ಎಂದು ಕೇಳಿದಳು. ಇಲ್ಲ ಅಜ್ಜಿ, ನಮ್ಮೂರ ಕಡಲತೀರದ ಮರಳಿಗೂ ಕೂಗುತ್ತದೆ, ಪೆಟ್ರೋಮ್ಯಾಕ್ಸ್ ದೀಪಕ್ಕೆ ಕಟ್ಟುವ ಬಿಳಿ ಬಲೆ ಇದೆಯಲ್ಲ, ಆ ಮ್ಯಾಂಟಲ್ಲಿಗೂ ಕೂಗುತ್ತದೆ, ಅದರಲ್ಲೂ ಇಂಥದೇ ಒಂದು ವಸ್ತು ಇರುತ್ತದೆ ಎಂದು ಅವನು ನಗುತ್ತಾ ಹೇಳಿ ಹೋದ. ಮಲ್ಲಾಜಮ್ಮ ಆ ಮಾತನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಯಾತಕ್ಕೆಂದು ಆಗ ಅವಳಿಗೂ ಗೊತ್ತಿರಲಿಲ್ಲ.

ವಾಪಸು ಬರುವಾಗ ವಿಮಾನ ನಿಲ್ದಾಣದ ತಪಾಸಣೆಯ ಬಾಗಿಲೊಂದು ಅವಳನ್ನು ಕಂಡು ಬಡಕೊಂಡಿತು. ಬಳೆ ಬಿಚ್ಚಿಸಿದರು, ಓಲೆ ಬಿಚ್ಚಿಸಿದರು, ಕೊರಳ ಲಿಂಗದ ಕರಡಿಗೆಯನ್ನೂ ತೆಗೆಯಬೇಕೆಂದಾಗ ಅವಳು ಕಣ್ಣು ಕೆಕ್ಕರಿಸಿದಳು. ಕಳಿಸಲು ಬಂದಿದ್ದ ಪ್ರೇಮ, ಮೈಯಲ್ಲಿ ಕಿರಣವಿದೆ ಎಂಬ ಆಸ್ಪತ್ರೆಯ ಕಾರ್ಡು ತೋರಿಸಿದ ಕೂಡಲೇ ಬಂದೂಕು ಹಿಡಿದ ಆಳೆತ್ತರದ ಗಂಡಸರಿಬ್ಬರು ಎರಡು ಹೆಜ್ಜೆ ಹಿಂದೆ ಸರಿದರು. ಎಲ್ಲರೂ ಮೇಲೆ ಬಿದ್ದು ಕೈ ಎಳೆಯುತ್ತಿದ್ದುದನ್ನೇ ಕಂಡಿದ್ದವಳಿಗೆ ಇದು ಬಹಳ ಹಿಡಿಸಿತು.

ಮೂರು ವಾರ ಬಸುರಿಯರ ಮತ್ತು ಮಕ್ಕಳ ಹತ್ತಿರ ಹೋಗಕೂಡದು, ಉಳಿದವರಿಂದಲೂ ದೂರ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಅದನ್ನು ಮಲ್ಲಾಜಮ್ಮ ಚಾಚೂ ತಪ್ಪದೆ ಪಾಲಿಸಿದಳು. ಹಿತ್ತಿಲಿನಲ್ಲಿ ಹಿಂದೆ ಬಿತ್ತನೆ ಗಡ್ಡೆ ತುಂಬುತ್ತಿದ್ದ ಕೋಣೆಗೆ ಸುಣ್ಣ ಬಳಿಸಿ ಅಲ್ಲೇ ಇದ್ದಳು. ರೂಪಶ್ರೀ ಅಂಗಳದ ಆ ತುದಿಯಲ್ಲಿ, ಇವಳು ಈ ತುದಿಯಲ್ಲಿ ಕೂತು ಮಾತಾಡುತ್ತಿದ್ದರು. ಬೋಣಿಗೆ ಬಂದ ಮಹದೇವಸ್ವಾಮಿಯನ್ನು ಕಿಟಕಿಯಿಂದಲೇ ಬೆದರಿಸಿದಳು. "ನನ್ ಮೈಯಲ್ಲಿ ಕರೆಂಟದೆ. ಮುಟ್ಟುದ್ರೆ ನಿನ್ ಆಲೂಗೆಡ್ಡೆ ಮೂಟೇಲೇ ಬೆಂದೋಯ್ತವೆ, ನೋಡ್ಕೊ."

ಮೂರು ವಾರ ಮುಗಿದವು. ಅವತ್ತು ಬೆಳಿಗ್ಗೆ ಎದ್ದವಳು ಕಿಟಕಿಯಾಚೆಯ ಮಂಜನ್ನು ನೋಡುತ್ತಾ, ಬಿಸಿ ಕಾಫಿ ಲೋಟವನ್ನು ಕೆನ್ನೆಗೆ ಒತ್ತಿಕೊಂಡು ಕೂತಳು. ಹೊರಗೆ ಹೋದರೆ ಏನಿದೆ? ಮಹದೇವಸ್ವಾಮಿ ಇದ್ದಾನೆ. ನಂಜುಂಡೇಶ ಬಂದು, "ಎಷ್ಟ್ ದಿವ್ಸ ಅಂದಿದ್ರವ್ವ ಡಾಕ್ಟ್ರು?" ಎಂದು ಕೇಳಿದ. ಬಾಯಿ ತಾನಾಗಿ ತೆರೆದುಕೊಂಡಿತು.

"ಆರು ತಿಂಗ್ಳು ಕಣಪ್ಪ."

ಮಗ ನಂಬಿದ. ಅವನು ಹುಟ್ಟಾ ನಂಬುವ ಜಾತಿ. ಆದರೆ ಮಹದೇವಸ್ವಾಮಿ ವ್ಯಾಪಾರಿ. ಮೂಟೆಯ ಮೇಲಿನ ಗಡ್ಡೆಯನ್ನು ಬಿಟ್ಟು ಅಡಿಯದನ್ನು ತೆಗೆದು ನೋಡುವವನು. ಅಷ್ಟರಲ್ಲಿ ಅವನು ಎರಡನೆಯ ಮಂಡಿ ತೆರೆಯುವ ಹುಮ್ಮಸ್ಸಿನಲ್ಲಿದ್ದ. ಅತ್ತಿಗೆಯ ಕೈ ಬೀಳದೆ ಬಾಗಿಲು ತೆರೆಯುವಂತಿಲ್ಲ. ಎಲ್ಲೆಲ್ಲೋ ವಿಚಾರಿಸಿ, ಯಾವುದೋ ಕಾರ್ಖಾನೆಯ ಎಕ್ಸ್‌ರೇ ವಿಭಾಗದಲ್ಲಿದ್ದು ನಿವೃತ್ತನಾದ ಧರ್ಮಲಿಂಗಂ ಎಂಬವನನ್ನು ಗೊತ್ತು ಮಾಡಿದ. ಧರ್ಮಲಿಂಗಂ ಬಳಿ ಒಂದು ಹಳೆಯ ಮೀಟರಿತ್ತು. ಭಾನುವಾರ ಬಂದು ಅಳೆಯುತ್ತಾನೆ ಎಂದು ಮಹದೇವಸ್ವಾಮಿ ಊರಿಗೆಲ್ಲ ಹೇಳಿಕೊಂಡು ಬಂದ.

ಮಲ್ಲಾಜಮ್ಮ ಶನಿವಾರವೇ ಉಗ್ರಾಣದ ಕಪಾಟು ತೆರೆದಳು. ಕರೆಂಟು ಹೋದಾಗ ಮಂಡಿಯಲ್ಲಿ ಹಚ್ಚಲು ಇಟ್ಟಿದ್ದ ಪೆಟ್ರೋಮ್ಯಾಕ್ಸು, ಅದರ ಪಕ್ಕ ಮ್ಯಾಂಟಲ್ಲುಗಳ ಒಂದು ಇಡೀ ಕಟ್ಟು. ಆ ಕಟ್ಟನ್ನೇ ಕರವಸ್ತ್ರದಲ್ಲಿ ಸುತ್ತಿ, ಭಾನುವಾರ ಸೀರೆಯ ನೆರಿಗೆಯ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೇಲೆ ಶಾಲು ಹೊದ್ದು ಅಂಗಳದ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಳು. ಮುಖದಲ್ಲಿ ಎಂಥ ಸೌಮ್ಯ ಭಾವ ಇತ್ತೆಂದರೆ, ನೋಡಿದವರು ಕೈ ಮುಗಿಯಬೇಕು.

ಧರ್ಮಲಿಂಗಂ ಕನ್ನಡಕ ಏರಿಸಿ, ಮೀಟರಿನ ಕೊಳವೆಯನ್ನು ಅವಳ ತಲೆಯಿಂದ ಕೆಳಕ್ಕೆ ಇಳಿಸುತ್ತಾ ಬಂದ. ಹಣೆಯ ಹತ್ತಿರ ಟಿಕ್ ಟಿಕ್. ಎದೆಯ ಹತ್ತಿರ ಟಿಕ್ ಟಿಕ್ ಟಿಕ್. ಸೊಂಟದ ಹತ್ತಿರ ಬಂದದ್ದೇ ಕಿರ್ರ್ ಎಂದು ಅರಚಿತು. ಬಾಗಿಲಲ್ಲಿ ನಿಂತಿದ್ದ ಕ್ಯಾರೆಟ್ ಅಂಗಡಿಯವನು ಚಪ್ಪಲಿ ಬಿಟ್ಟು ಓಡಿದ. ಧರ್ಮಲಿಂಗಂ ಗೋಡೆಗೆ ಆತುಕೊಂಡ.

"ನಮ್ಮ ಮೀಟ್ರು ಸುಳ್ಳು ಹೇಳಾದಿಲ್ಲ ಸಾಮಿ. ಅಮ್ಮಾ ಮೈಯಲ್ಲಿ ರೊಂಬ ಸ್ಟ್ರಾಂಗಾ ಇದೆ!"

ಮಹದೇವಸ್ವಾಮಿಯ ಮುಖ ಮೊದಲು ಪೆಚ್ಚಾಯಿತು. ಆಮೇಲೆ ನೋಡನೋಡುತ್ತಲೇ ಅರಳಿತು. ವ್ಯಾಪಾರಿಯಲ್ಲವೇ! ಸಂಜೆಯೊಳಗೆ ಮಾರ್ಕೆಟ್ಟಿನಲ್ಲೆಲ್ಲ ಅವನದೇ ಮಾತು. "ಕೈಗುಣ ಕೈಗುಣ ಅಂತಿದ್ರಲ್ಲ, ಈಗ ಮಿಷಿನ್ನೇ ಒಪ್ಕಂಡದೆ! ಮೊದ್ಲು ಕೈಯಲ್ಲಿ ಮಾತ್ರ ಇತ್ತು, ಈಗ ಇಡೀ ಮೈಗೆ ಅಂಟ್ಕಂಡದೆ." ಆರು ತಿಂಗಳು ಕಳೆದ ಮೇಲೆ ಅತ್ತಿಗೆ ಮೊದಲು ಮುಟ್ಟುವುದು ತನ್ನ ಹೊಸ ಮಂಡಿಯನ್ನೇ ಎಂದು ಅವನು ಎಲ್ಲರಿಗೂ ಹೇಳಿಟ್ಟ. ಮ್ಯಾಂಟಲ್ ಕಟ್ಟು ಅವತ್ತೇ ಕಪಾಟಿಗೆ ವಾಪಸಾಯಿತು. ಮಲ್ಲಾಜಮ್ಮ ಬಾಗಿಲು ಹಾಕಿಕೊಂಡು, ದಿಂಬಿಗೆ ಮುಖ ಒತ್ತಿ, ಪಕ್ಕೆ ನೋಯುವ ತನಕ ನಕ್ಕಳು.

ಆ ದಿನಗಳು ಚೆನ್ನಾಗಿದ್ದವು. ಕೆನ್ನೆ ತುಂಬಿಕೊಂಡವು. ಬಿಸಿಲಲ್ಲಿ ಕೂತು ಮೊಮ್ಮಗುವಿಗೆ ಕುಲಾವಿ, ಕಾಲುಚೀಲ ಹೆಣೆದಳು. ರೂಪಶ್ರೀಗೆ ದಿನ ತುಂಬುವ ಹೊತ್ತಿಗೆ ಈ ಕರೆಂಟಿನ ಕಥೆಯನ್ನು ಹೇಗಾದರೂ ಮುಗಿಸಿದರಾಯಿತು, ಡಾಕ್ಟರು ಫೋನು ಮಾಡಿ ಸಾಕು ಅಂದರು ಎಂದರಾಯಿತು ಎಂದು ಲೆಕ್ಕ ಹಾಕಿದ್ದಳು. ಮಗುವಿಗೆ ಆ ಲೆಕ್ಕ ಗೊತ್ತಿರಲಿಲ್ಲ. ಅದು ಡಾಕ್ಟರು ಕೊಟ್ಟ ದಿನಕ್ಕಿಂತ ಮುಂಚೆಯೇ, ಮಂಗಳವಾರ ಮಧ್ಯಾಹ್ನ, ಧೋ ಎಂದು ಮಳೆ ಸುರಿಯುತ್ತಿದ್ದಾಗ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣುಮಗು.

ತಾಯಿ ಮಗು ಮನೆಗೆ ಬಂದ ದಿನ ಮಲ್ಲಾಜಮ್ಮ ತಲೆಗೆ ನೀರು ಹಾಕಿಕೊಂಡು, ಹೊಸ ಸೀರೆ ಉಟ್ಟು, ಎರಡೂ ಕೈ ಚಾಚಿಕೊಂಡು ಹಿತ್ತಿಲಿನಿಂದ ಓಡಿಬಂದಳು. ಅಡ್ಡ ನಿಂತವನು ಮಹದೇವಸ್ವಾಮಿ.

"ಅಲ್ಲೇ ನಿಲ್ಲಿ ಅತ್ತಿಗಮ್ಮ! ಮಗಾ ಕಣ್ರವ್ವ ಅದು. ಆರು ತಿಂಗ್ಳು ಆಗ್ಲಿ."

"ಏಯ್, ಕರೆಂಟೆಲ್ಲ ಹೋಗ್ಬುಟ್ಟದೆ ಕಣೋ. ಡಾಕ್ಟ್ರು ಫೋನ್ ಮಾಡಿದ್ರು."

"ಮನೇಲಿ ಫೋನು ಮೂರು ದಿನದಿಂದ ಕೆಟ್ಟು ಕೂತದೆ" ಎಂದ ನಂಜುಂಡೇಶ, ಪಾಪ, ಏನೂ ದುರುದ್ದೇಶವಿಲ್ಲದೆ.

ನೀರು ಹಾಕಲು ಚಿನ್ನಮ್ಮಾಳ್ ಎಂಬವಳನ್ನು ಗೊತ್ತು ಮಾಡಿದರು. ಕೆಟ್ಟವಳಲ್ಲ; ಆದರೆ ಅವಳ ಕೈ ಪಾತ್ರೆ ಬೆಳಗುವ ಕೈ. ಬೆಳಿಗ್ಗೆ ಬಚ್ಚಲಿನಿಂದ ಮಗುವಿನ ಕಿರುಚಾಟ ಕೇಳಿದರೆ ಮಲ್ಲಾಜಮ್ಮ ಹಿತ್ತಿಲಿನಲ್ಲಿ ನಿಂತು ಒದ್ದಾಡುತ್ತಿದ್ದಳು. ಎಣ್ಣೆ ಎಷ್ಟು ಬೆಚ್ಚಗಿರಬೇಕು, ಕಾಲ ಮೇಲೆ ಮಗುವನ್ನು ಹೇಗೆ ಬೋರಲು ಮಲಗಿಸಬೇಕು, ಕಣ್ಣಿಗೆ ನೀರು ಬೀಳದಂತೆ ಹಣೆಗೆ ಹೇಗೆ ಕೈ ಅಡ್ಡ ಹಿಡಿಯಬೇಕು, ಎಲ್ಲ ಅವಳ ಅಂಗೈಗೆ ಗೊತ್ತು. ಹಿತ್ತಿಲಿನಿಂದಲೇ, "ಅಣೆಗೆ ಕೈ ಇಡು ಚಿನ್ನಮ್ಮಾಳು, ಅಣೆಗೆ ಕೈ ಇಡು!" ಎಂದು ಕೂಗುತ್ತಿದ್ದಳು. ನೀರಿನ ಸದ್ದಿನಲ್ಲಿ ಚಿನ್ನಮ್ಮಾಳಿಗೆ ಕೇಳುತ್ತಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಯಾರೂ ಬಿಡದಿದ್ದ ಕೈಗಳನ್ನು ಈಗ ಯಾರೂ ಕೇಳುವವರಿರಲಿಲ್ಲ. ತಾನು ಬಯಸಿದ್ದೂ ಇದನ್ನೇ ಎಂಬುದು ನೆನಪಾಗಿ ಅವಳಿಗೆ ತನ್ನ ಮೇಲೆಯೇ ಕೆಂಡದಂಥ ಕೋಪ ಬಂತು.

ಒಂದು ವಾರ ತಡೆದಳು. ಆಮೇಲೆ ನಂಜುಂಡೇಶನನ್ನು ಕರೆದು, "ಕರೆಂಟು ಗಿರೆಂಟು ಯಾವ್ದೂ ಇಲ್ಲ ಕಲಾ. ಮೂರು ವಾರಕ್ಕೇ ಮುಗ್ದೋಗಿತ್ತು. ನಾ ಸುಳ್ಳು ಹೇಳ್ದೆ" ಎಂದಳು.

ಮಗನ ಕಣ್ಣು ತುಂಬಿಬಂತು. "ಮಗೀನ ಎತ್ಕೊಳೋ ಆಸೆಗೆ ಹಿಂಗೆಲ್ಲ ಹೇಳ್ತಿದೀಯ ಅಂತ ನಂಗೊತ್ತವ್ವ. ನಾವೇ ಕಿವಿಯಾರ ಕೇಳಿಲ್ವ ಮೀಟ್ರು ಕೂಗಿದ್ನ? ಇನ್ ಸ್ವಲ್ಪ ದಿನ ತಡ್ಕೊ."

ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಮಗ ಈಗ ನಿಜವನ್ನು ನಂಬಲು ತಯಾರಿರಲಿಲ್ಲ. ಬೇರೆ ದಾರಿ ಇರಲಿಲ್ಲ. "ಹಂಗಾರೆ ಆ ಮೀಟ್ರಿನವನ್ನೇ ಕರಸು" ಎಂದಳು.

ಧರ್ಮಲಿಂಗಂ ಮತ್ತೆ ಬಂದ. ಹಿಂದಿನ ಸಲದ ಖ್ಯಾತಿಯಿಂದ ಈ ಸಲ ಜನ ಇನ್ನೂ ಹೆಚ್ಚು ಸೇರಿದ್ದರು. ರೂಪಶ್ರೀ ತಲೆಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಒಳಕೋಣೆಯ ಹೊಸ್ತಿಲ ಹಿಂದೆ ಕೂತಿದ್ದಳು. ಮಲ್ಲಾಜಮ್ಮ ಶಾಲನ್ನೂ ತೆಗೆದಿಟ್ಟು ಬರಿ ಸೀರೆಯಲ್ಲಿ ಬಂದು ನಿಂತಳು. ಕೊಳವೆ ತಲೆಯಿಂದ ಇಳಿಯಿತು. ಟಿಕ್. ತುಸು ಹೊತ್ತಿನ ಮೇಲೆ ಇನ್ನೊಂದು ಟಿಕ್. ಸೊಂಟ ದಾಟಿ ಕಾಲಿನ ತನಕ ಹೋದರೂ ಅಷ್ಟೇ. ಮೀಟರು ತೂಕಡಿಸುತ್ತಿರುವಂತಿತ್ತು.

"ನೋಡುದ್ರಾ?" ಎಂದು ಮಲ್ಲಾಜಮ್ಮ ಹೊಸ್ತಿಲ ಕಡೆ ಹೆಜ್ಜೆ ಇಟ್ಟಳು.

"ತಡೀರಿ ತಡೀರಿ" ಎಂದ ಮಹದೇವಸ್ವಾಮಿ. ಅತ್ತಿಗೆಯ ಕರೆಂಟಿನ ಮೇಲೆ ಅವನ ಹೊಸ ಮಂಡಿಯ ಮಾನವೆಲ್ಲ ನಿಂತಿತ್ತು. "ಅವತ್ತು ಅಷ್ಟು ಅರಚಿದ್ದು ಇವತ್ತು ಗಪ್‌ಚಿಪ್ ಅಂದ್ರೆ? ಬ್ಯಾಟ್ರಿ ಹೋಗಿರ್ತದೆ."

ಧರ್ಮಲಿಂಗಂನ ಮೂಗಿನ ತುದಿ ಕೆಂಪಾಯಿತು. "ಬ್ಯಾಟ್ರಿ ಹೊಸದು ಸಾಮಿ! ಮೀಟ್ರು ಪರ್ಫೆಕ್ಟ್!"

"ಹಂಗಾದ್ರೆ ಕೂಗ್ಸಿ ತೋರ್ಸಪ್ಪ. ಒಂದ್ ಸಲ ಕೂಗ್ಲಿ, ನಂಬ್ತೀವಿ."

ಕೂಗಿಸುವುದು ಹೇಗೆ? ಧರ್ಮಲಿಂಗಂ ಅಂಗಳದ ಕಂಬಕ್ಕೆ, ತುಳಸಿಕಟ್ಟೆಗೆ, ಕೊನೆಗೆ ಮಹದೇವಸ್ವಾಮಿಯ ಹೊಟ್ಟೆಗೂ ಕೊಳವೆ ಹಿಡಿದ. ಟಿಕ್, ಟಿಕ್. ಜನ ತಲೆಯಾಡಿಸಿದರು. ಬ್ಯಾಟರಿಯೇ ಹೋಗಿದೆ ಎಂದು ತೀರ್ಮಾನವಾಗುವುದರಲ್ಲಿತ್ತು.

ಆ ಮೀಟರನ್ನು ಕೂಗಿಸುವ ವಸ್ತು ಈ ಮನೆಯಲ್ಲಿ ಎಲ್ಲಿದೆ ಎಂದು ಮಲ್ಲಾಜಮ್ಮನಿಗೆ ಗೊತ್ತಿತ್ತು. ಅದನ್ನು ತಂದು ಇಟ್ಟರೆ ಇಷ್ಟು ಜನರೆದುರು ಮಾನ ಹರಾಜಾಗುತ್ತದೆ. ದೊಡ್ಡಮ್ಮ, ಕೈಗುಣದ ತಾಯಿ ಎಂದವರೆಲ್ಲ ಮುದುಕಿ ಮಹಾ ಕಿಲಾಡಿ ಎನ್ನುತ್ತಾರೆ. ಅದರ ಮೇಲೆ, ನಾಳೆ ನಸುಕಿನಿಂದಲೇ ಬಾಗಿಲು ಬಡಿತ ಶುರು. ಸುಮ್ಮನಿದ್ದರೆ ಗೌರವ ಉಳಿಯುತ್ತದೆ, ನಿದ್ದೆಯೂ ಉಳಿಯುತ್ತದೆ. ಒಳಗೆ ಮಗು ಕುಂಯ್ ಎಂದಿತು.

ಅವಳು ಸೀದಾ ಉಗ್ರಾಣಕ್ಕೆ ಹೋಗಿ ಕಪಾಟು ತೆರೆದು, ಮ್ಯಾಂಟಲ್ ಕಟ್ಟನ್ನು ತಂದು ಅಂಗಳದ ನಡುವಿನ ಕುರ್ಚಿಯ ಮೇಲೆ ಇಟ್ಟಳು.

"ಇದ್ಕೆ ಹಿಡಿ."

ಮೀಟರು ಕಿರ್ರ್ ಎಂದು ಅರಚಿತು. ಅದೇ ಹಳೆಯ ಅರಚು.

"ಅವತ್ತು ಇದು ನನ್ ಸೊಂಟ್ದಲ್ಲಿತ್ತು" ಎಂದಳು ಮಲ್ಲಾಜಮ್ಮ, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ. "ಮೂರೇ ವಾರ ಅಂದಿದ್ದು ಡಾಕ್ಟ್ರು. ಆರು ತಿಂಗ್ಳು ಅಂದಿದ್ದು ನಾನು. ನಂಗೆ ಮಲಿಕ್ಕೋಬೇಕಾಗಿತ್ತು. ನಿಮ್ಗೆಲ್ಲ ಬೋಣಿ ಮಾಡಿ ಮಾಡಿ ಸುಸ್ತಾಗಿತ್ತು ಕಣ್ರಪ್ಪ. ಬೈಯೋದಿದ್ರೆ ಬೈಕಳಿ. ಮಗೀನ ಮಾತ್ರ ಕೊಡಿ."

ನಂಜುಂಡೇಶ ಬಾಯಿ ತೆರೆದುಕೊಂಡು ನಿಂತಿದ್ದ. ಮಹದೇವಸ್ವಾಮಿ ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಆಗ ಹೊಸ್ತಿಲ ಹಿಂದಿನಿಂದ ಕಿಸಕ್ಕನೆ ನಗು ಕೇಳಿತು. ರೂಪಶ್ರೀ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬಾಣಂತಿ ಹೊಟ್ಟೆ ಅಲುಗಿಸಬಾರದು ಎಂದು ಚಿನ್ನಮ್ಮಾಳ್ ಗದರಿದರೂ ನಿಲ್ಲಲಿಲ್ಲ.

"ಬನ್ನಿ ಅತ್ತೆ. ತಕ್ಕಳಿ" ಎಂದು ಮಗುವನ್ನು ನೀಡಿದಳು.

ಮಲ್ಲಾಜಮ್ಮ ಹೊಸ್ತಿಲಲ್ಲೇ ಕುಕ್ಕರಿಸಿದಳು. ಮಗುವಿನ ತಲೆ ಅವಳ ಮೊಣಕೈಯ ಮಡಿಕೆಯಲ್ಲಿ ಬಂದು ಕೂತಿತು. ಎಷ್ಟು ಹಗುರ, ಎಷ್ಟು ಬೆಚ್ಚಗೆ! ಅದರ ಮುಖ ನೋಡುತ್ತಲೇ ಸೊಸೆಯನ್ನು ಮೆಲ್ಲಗೆ ಕೇಳಿದಳು, "ನಿಂಗೆ ಮೊದ್ಲೇ ಗೊತ್ತಿತ್ತೇನೇ?"

"ಅವತ್ತು ಶನಿವಾರ ಸಂಜೆ ಕರೆಂಟು ಹೋದಾಗ ದೀಪಕ್ಕೆ ಮ್ಯಾಂಟಲ್ ಹುಡುಕ್ದೆ, ಕಟ್ಟೇ ಇರ್ಲಿಲ್ಲ. ಸೋಮವಾರ ನೋಡುದ್ರೆ ನಿಮ್ ಕರವಸ್ತ್ರದ ಸಮೇತ ಅಲ್ಲೇ ಕೂತದೆ. ಯಾತಕ್ಕೆ ಅಂತ ಅರ್ಥ ಆಗ್ನಿಲ್ಲ. ಏನೋ ಆಟ ಆಡ್ತಾವ್ರೆ ಅಂತ ಮಾತ್ರ ಗೊತ್ತಾಯ್ತು."

"ಮತ್ತೆ ಬಾಯಿ ಬುಡ್ಬಾರ್ದಾಗಿತ್ತಾ? ಇಷ್ಟ್ ದಿನ ನಾ ಹಿತ್ಲಲ್ಲಿ ಬೇಯ್ತಿದ್ನಲ್ಲ!"

"ನಾ ಹೇಳುದ್ರೆ ನಿಮ್ಮುನ್ನ ಸುಳ್ಳಿ ಅಂತಿದ್ರು. ನೀವೇ ಹೇಳುದ್ರೆ ಚಂದ ಅಲ್ವ?" ಎಂದು ಹೇಳಿ ರೂಪಶ್ರೀ ದನಿ ತಗ್ಗಿಸಿದಳು. "ಅಲ್ದೆ, ನಾ ಈ ಮನೆಗೆ ಬಂದ ಮ್ಯಾಕೆ ನೀವು ಬೆಳಕಾದ್ ಮೇಲೂ ಮಲಗಿದ್ದು ನೋಡಿದ್ದು ಅವಾಗ್ಲೇ ಅತ್ತೆ. ಎಬ್ಬುಸಕ್ಕೆ ಮನಸು ಬರ್ಲಿಲ್ಲ."

ಮಲ್ಲಾಜಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಚಿನ್ನಮ್ಮಾಳನ್ನು ಕರೆದು, ಹರಳೆಣ್ಣೆ ಬಟ್ಟಲನ್ನು ಬೆಚ್ಚಗೆ ಮಾಡಿ ತರುವಂತೆ ಹೇಳಿದಳು.

ಮಾರನೆಯ ಬೆಳಗು, ಇನ್ನೂ ಮಂಜು ಸರಿಯುವ ಮೊದಲೇ ಬಾಗಿಲು ಬಡಿದ ಸದ್ದು. ಮಹದೇವಸ್ವಾಮಿ ನಿನ್ನೆಯ ಅವಮಾನವನ್ನೆಲ್ಲ ನುಂಗಿಕೊಂಡು ಬಂದಿದ್ದ. ಎಷ್ಟಾದರೂ ಮಂಡಿ ಮಂಡಿಯೇ. "ಅತ್ತಿಗಮ್ಮ, ಬೋಣಿ!"

ಮಲ್ಲಾಜಮ್ಮ ಬಚ್ಚಲಲ್ಲಿ ಕಾಲು ಚಾಚಿ ಕೂತಿದ್ದಳು. ಎಣ್ಣೆ ಹಚ್ಚಿದ ಮಗು ಅವಳ ಕಾಲ ಮೇಲೆ ಮಲಗಿ ಅಳದೆ ಕಣ್ಣು ಪಿಳಿಪಿಳಿ ಬಿಡುತ್ತಿತ್ತು. ಅವಳು ಅಭ್ಯಾಸಬಲದಿಂದ ಏಳಲು ಹೋದಳು. ಅಷ್ಟರಲ್ಲಿ ಒಳಕೋಣೆಯಿಂದ ಸೊಸೆಯ ದನಿ ಕೇಳಿತು.

"ಅತ್ತೆ ಬರಕ್ಕಿಲ್ಲ ಚಿಕ್ಕಮಾವ. ಮಗೀಗೆ ನೀರಾಕೋ ಕೈಲಿ ಬ್ಯಾರೆ ಏನೂ ಮುಟ್ಟಂಗಿಲ್ಲ. ಡಾಕ್ಟ್ರು ಹೇಳವ್ರೆ."

ಹೊರಗೆ ಮಹದೇವಸ್ವಾಮಿ ಕಿವಿಯ ಮೇಲಿನ ಮಫ್ಲರ್ ಸರಿಸಿದ. "ಯಾವ್ ಡಾಕ್ಟ್ರವ್ವ?"

"ಸಿಂಗಾಪುರದೋರೆ!"

"ಎಷ್ಟು ದಿವ್ಸ ಅಂತೆ?"

ಮಲ್ಲಾಜಮ್ಮ ಮಗುವಿನ ಹಣೆಗೆ ಎಡಗೈ ಅಡ್ಡ ಹಿಡಿದು, ಬಲಗೈಯಿಂದ ಬಿಸಿನೀರು ಮೊಗೆದಳು. ಉತ್ತರ ಅವಳೇ ಕೊಟ್ಟಳು.

"ಅದು ನಡ್ಕೊಂಡು ಇಸ್ಕೂಲಿಗೆ ಹೋಗೋಗಂಟ ಕಣಪ್ಪ. ಬೇಕಾರೆ ಮೀಟ್ರು ತತ್ತಾ!"